ಅಕ್ಷರ ಅಂದ, ಮಾತು ಕದ್ದದ್ದು: ಭಾಷಣ ಬರೆಸಿದ ಅನುಭವ

ನಾನು ಇಂಡಿ ತಾಲ್ಲೂಕಿನ ಗ್ರಾಮ ಪಂಚಾಯಿತಿಯೊಂದರ ಸದಸ್ಯೆ. ರೈತರ ಸಭೆಯಲ್ಲಿ ಮಾತನಾಡಬೇಕಿತ್ತು. ವಿಜಯಪುರದ ಡಿಟಿಪಿ ಅಂಗಡಿಯೊಂದರಲ್ಲಿ ಭಾಷಣವನ್ನೂ ಬರೆದುಕೊಡುತ್ತಾರೆಂದು ಕೇಳಿ 800 ರೂಪಾಯಿ ಕೊಟ್ಟು ಬಂದೆ.

ಹೇಳಿದ ದಿನಕ್ಕೇ ಕೊಟ್ಟರು. ದಪ್ಪ ಅಕ್ಷರ, ಸಾಲುಗಳ ನಡುವೆ ಸಾಕಷ್ಟು ಜಾಗ, ಕನ್ನಡಕವಿಲ್ಲದೆಯೂ ಓದಬಹುದಿತ್ತು. ಹಿಂದಿನ ರಾತ್ರಿ ಅಡುಗೆಮನೆಯಲ್ಲಿ ಜೋರಾಗಿ ಓದಿಕೊಳ್ಳುತ್ತಿದ್ದಾಗ ಎರಡನೆಯ ಪುಟದಲ್ಲಿ ನಾಲಿಗೆ ತಡವರಿಸಿತು: ‘ಎಲೆಚುಕ್ಕಿ ರೋಗದಿಂದ ನಮ್ಮ ಅಡಿಕೆ ತೋಟಗಳು ನಲುಗಿವೆ.’ ನಮ್ಮದು ಲಿಂಬೆ, ದ್ರಾಕ್ಷಿ, ಜೋಳದ ಸೀಮೆ. ಕೈಕಾಲು ತಣ್ಣಗಾದವು. ಮೊಬೈಲ್‌ನಲ್ಲಿ ಹುಡುಕಿದರೆ ಮಲೆನಾಡಿನ ನಾಯಕರೊಬ್ಬರ ವಿಡಿಯೊದಲ್ಲಿ ಅದೇ ಸಾಲುಗಳು, ಅದೇ ಕ್ರಮದಲ್ಲಿ ಸಿಕ್ಕವು.

ಅಂಗಡಿಯವರನ್ನು ವಿಚಾರಿಸಿದರೆ ‘ಎಲ್ಲರೂ ಹೀಗೆಯೇ ಮಾಡುತ್ತಾರೆ ಅಕ್ಕಾವರೇ’ ಎಂದರು. ನನಗೆ ಸಿಟ್ಟು ಬಂದದ್ದು ಆ ಮಾತಿಗೇ. 1987ರಲ್ಲಿ ಜೋ ಬೈಡನ್ ಅವರು ಬ್ರಿಟನ್ನಿನ ಲೇಬರ್ ಪಕ್ಷದ ನಾಯಕ ನೀಲ್ ಕಿನ್ನಕ್ ಅವರ ಮಾತುಗಳನ್ನು ಹೆಸರು ಹೇಳದೆ ಬಳಸಿದ್ದು ದೊಡ್ಡ ಸುದ್ದಿಯಾಗಿ, ಅಮೆರಿಕದ ಅಧ್ಯಕ್ಷ ಸ್ಥಾನದ ಸ್ಪರ್ಧೆಯಿಂದಲೇ ಹಿಂದೆ ಸರಿದರು. ಅದಕ್ಕೂ ಮೊದಲು ಬೈಡನ್ ಅವರು ಕಿನ್ನಕ್ ಅವರ ಹೆಸರು ಹೇಳಿಯೇ ಆ ಮಾತನ್ನು ಆಡಿದ್ದರು; ಚರ್ಚೆಯೊಂದರಲ್ಲಿ ಹೆಸರು ಬಿಟ್ಟದ್ದು ಮುಳುವಾಯಿತು. ಮಾತು ಯಾರದೆಂದು ಹೇಳಲು ಅರ್ಧ ಸಾಲು ಸಾಕು.

ಹಣ ಹಿಂದಿರುಗಿಸಲಿಲ್ಲ. ಲಗ್ನಪತ್ರಿಕೆಗೆ, ಅರ್ಜಿಗೆ ಅಲ್ಲಿಗೆ ಧಾರಾಳವಾಗಿ ಹೋಗಿ. ಭಾಷಣಕ್ಕೆ ಬೇಡವೇ ಬೇಡ. ಸಭೆಯಲ್ಲಿ ನಾನು ಕಾಗದ ಮಡಚಿಟ್ಟು, ಲಿಂಬೆಯ ಬೆಲೆ ಕುರಿತು ಐದು ನಿಮಿಷ ಮಾತನಾಡಿದೆ.