ಮೂರು ಗೆರೆ, ಒಂದು ಚೌಕ: ಒಂದು ಕೃತಜ್ಞತಾ ದಿನಚರಿಯ ವಿಮರ್ಶೆ

ಕೃತಜ್ಞತಾಸ್ತುತಿಯನ್ನು ದಿನನಿತ್ಯದ ರೂಢಿಯಾಗಿಸಬೇಕೆಂಬ ಉದ್ದೇಶದ ಈ ಕನ್ನಡ ದಿನಚರಿ ನಮ್ಮ ಕ್ರೈಸ್ತ ಸಭೆಯ ಪುಸ್ತಕದ ಮೇಜಿನ ಮೇಲೆ ಮಾರಾಟಕ್ಕಿತ್ತು. ಪ್ರತಿ ಪುಟದ ಮೇಲ್ಗಡೆ ಸತ್ಯವೇದದ (ಬೈಬಲಿನ) ಒಂದು ವಚನ, ಅದರ ಕೆಳಗೆ ‘ಇಂದಿನ ಉಪಕಾರಗಳು’ ಎಂದು ಮೂರು ಗೆರೆ, ಕೊನೆಯಲ್ಲಿ ‘ಇದು ಯಾರ ಕೈಯಿಂದ ಬಂತು?’ ಎಂದು ಕೇಳುವ ಒಂದು ಸಣ್ಣ ಚೌಕ ಇವೆ. ಕಾಗದ ದಪ್ಪವಾಗಿದೆ, ಹೊಲಿಗೆ ಗಟ್ಟಿಯಾಗಿದೆ. ಅಕ್ಷರ ಮಾತ್ರ ವಯಸ್ಸಾದವರ ಕಣ್ಣಿಗೆ ತೀರ ಸಣ್ಣದು.

ಮೂರು ಗೆರೆ ತುಂಬಿಸುವುದು ಸುಲಭ, ತೊಂದರೆಯಿರುವುದೂ ಅಲ್ಲಿಯೇ. ಕೆಲಸ, ಆರೋಗ್ಯ, ಮಕ್ಕಳ ಅಂಕಗಳು ಎಂದು ಬರೆಯುತ್ತ ಹೋದಂತೆ ಪುಟಗಳು ಆಸ್ತಿಪಟ್ಟಿಯಂತಾಗುತ್ತವೆ, ನೆರೆಯವರಿಗಿಲ್ಲದ್ದು ನಮಗಿದೆ ಎಂಬ ಹಿಗ್ಗೂ ಸ್ತೋತ್ರದ ವೇಷದಲ್ಲಿ ನುಸುಳುತ್ತದೆ. ಲೂಕನ ಸುವಾರ್ತೆಯ 18ನೆಯ ಅಧ್ಯಾಯದಲ್ಲಿ ಯೇಸು ಹೇಳಿದ ಕಥೆಯ ಫರಿಸಾಯನು, ಅಂದರೆ ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಪಾಲಿಸುವ ಯೆಹೂದ್ಯನು, ಸಹ ಸ್ತೋತ್ರವನ್ನೇ ಹೇಳಿದ್ದನು, ತಾನು ಅಲ್ಲಿಯೇ ಪ್ರಾರ್ಥಿಸುತ್ತಿದ್ದ ಸುಂಕ ವಸೂಲಿಯವನಂತಲ್ಲ ಎಂಬ ಕಾರಣಕ್ಕೆ. ಆ ಭಾಗವನ್ನು ಸಂಪಾದಕರು ಒಂದು ಪುಟಕ್ಕೂ ಆರಿಸಿಕೊಂಡಿಲ್ಲ.

ದಿನಚರಿಗೆ ಕೊಟ್ಟ ಹಣ ಸಾರ್ಥಕವಾಗುವುದು ಆ ಚೌಕದಿಂದ. ಅಲ್ಲಿ ‘ದೇವರಿಂದ’ ಎಂದಷ್ಟೇ ಬರೆದು ಮುಗಿಸಲು ಮನಸ್ಸೊಪ್ಪುವುದಿಲ್ಲ. ಜ್ವರದಲ್ಲಿ ಗಂಜಿ ತಂದುಕೊಟ್ಟ ಪಕ್ಕದ ಮನೆಯ ಅಕ್ಕ, ಬಾಡಿಗೆಗೆ ಹೆಚ್ಚಿನ ಗಡುವು ಕೊಟ್ಟ ಮನೆಯೊಡೆಯರು ನೆನಪಿಗೆ ಬರುತ್ತಾರೆ, ಮತ್ತು ಹೆಸರು ಬರೆದ ಮೇಲೆ ಅವರಿಗೆ ಹೇಳದೆ ಇರುವುದು ಕಷ್ಟ. ಲೂಕ 17ರಲ್ಲಿ ಶುದ್ಧರಾದ ಹತ್ತು ಮಂದಿ ಕುಷ್ಠರೋಗಿಗಳ ಪೈಕಿ ಯೆಹೂದ್ಯರು ಹೊರಗಿನವನೆಂದು ಕಾಣುತ್ತಿದ್ದ ಸಮಾರ್ಯದವನೊಬ್ಬನೇ ಹಿಂದಿರುಗಿ ಬಂದು ಯೇಸುವಿನ ಪಾದಕ್ಕೆ ಬಿದ್ದನು; ಉಳಿದ ಒಂಬತ್ತು ಮಂದಿಗೂ ಸಂತೋಷವಾಗಿಯೇ ಇದ್ದಿರಬೇಕು, ಆದರೆ ಅವರು ಬಂದ ದಾರಿಗೆ ತಿರುಗಲಿಲ್ಲ. ಧರ್ಮೋಪದೇಶಕಾಂಡ 26ರ ವಿಧಿಯೂ ಇಂಥದೇ: ಬೆಳೆಯ ಪ್ರಥಮಫಲದ ಪುಟ್ಟಿ ತಂದ ಇಸ್ರಾಯೇಲ್ಯನು ತನ್ನ ಜನರು ಐಗುಪ್ತದಲ್ಲಿ (ಈಜಿಪ್ಟಿನಲ್ಲಿ) ಅನುಭವಿಸಿದ ದಾಸತ್ವವನ್ನೂ ಅಲ್ಲಿಂದಾದ ಬಿಡುಗಡೆಯನ್ನೂ ಬಾಯಿಬಿಟ್ಟು ಹೇಳಬೇಕು, ಬಳಿಕ ದೇವರ ಸೇವೆಗೆ ಮೀಸಲಾದ ಕುಲದ ಲೇವಿಯರೊಡನೆಯೂ ಪರದೇಶಿಗಳೊಡನೆಯೂ ಸಂತೋಷಪಡಬೇಕು.

ದೊಡ್ಡ ಕೊರತೆಯೆಂದರೆ ದುಃಖದ ದಿನಗಳಿಗೆ ಇಲ್ಲಿ ಜಾಗವಿಲ್ಲ. 26 ವಚನಗಳಲ್ಲಿಯೂ ಕೃಪೆಯ ಪಲ್ಲವಿಯಿರುವ 136ನೆಯ ಕೀರ್ತನೆಯಿಂದ ಧಾರಾಳವಾಗಿ ಆರಿಸಿದ್ದಾರೆ. ಕತ್ತಲೆಯಲ್ಲಿಯೇ ಮುಗಿಯುವ 88ನೆಯದರಿಂದ ಒಂದು ಸಾಲೂ ಇಲ್ಲ. ಅಂಜೂರ ಚಿಗುರದೆ, ಹಟ್ಟಿಯಲ್ಲಿ ದನಗಳಿಲ್ಲದೆ ಹೋದರೂ ಯೆಹೋವನಲ್ಲಿ ಉಲ್ಲಾಸಿಸುವೆನೆಂದ ಪ್ರವಾದಿ ಹಬಕ್ಕೂಕನೂ, ಸೆರೆಯಿಂದ ಫಿಲಿಪ್ಪಿ ಪಟ್ಟಣದ ಸಭೆಗೆ ಪತ್ರ ಬರೆದ ಅಪೊಸ್ತಲ ಪೌಲನೂ ನಷ್ಟವನ್ನು ಮುಚ್ಚಿಟ್ಟು ಸ್ತುತಿಸಿದವರಲ್ಲ. ಮನೆಯಲ್ಲಿ ಸಾವಾದ ವಾರ ‘ಇಂದಿನ ಉಪಕಾರಗಳು’ ಎಂಬ ತಲೆಬರಹ ಗದರಿಸಿದಂತೆ ಕಾಣುತ್ತದೆ, ಅದರಲ್ಲೂ ತಾರೀಖು ಮುದ್ರಿತವಾಗಿರುವುದರಿಂದ ಖಾಲಿ ಬಿಟ್ಟ ಪುಟವು ಸಾಲದ ಬಾಕಿಯೆಂಬ ಭಾವನೆಯನ್ನು ಹುಟ್ಟಿಸುತ್ತದೆ.

ಮನೆಮಂದಿಗೆಲ್ಲ ಒಂದೊಂದು ಪ್ರತಿ ಕೊಳ್ಳುವ ಅಗತ್ಯವಿಲ್ಲ. ಕುಟುಂಬ ಪ್ರಾರ್ಥನೆಯ ಹೊತ್ತಿಗೆ ಒಂದೇ ಪ್ರತಿಯನ್ನಿಟ್ಟುಕೊಂಡು ಚೌಕದಲ್ಲಿರುವುದನ್ನು ಗಟ್ಟಿಯಾಗಿ ಓದುವುದು ಉತ್ತಮ, ಏಕೆಂದರೆ ಅಲ್ಲಿ ಮತ್ತೆ ಮತ್ತೆ ಬರುವ ಹೆಸರುಗಳು ಹೆಚ್ಚಾಗಿ ಎದುರಿಗೆ ಕುಳಿತವರವೇ ಆಗಿರುತ್ತವೆ.