ಅಂಗಡಿ ಟರ್ಕಿ, ಕಾಡಿನ ಟರ್ಕಿ: ಎರಡನ್ನೂ ಸಾರು ಮಾಡಿ ನೋಡಿದೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಕಾಡಿನ ಟರ್ಕಿ ಕೋಳಿಯ ಕಾಲಿಗೆ. ಅದರ ಎದೆಗೂ ಅಲ್ಲ. ಅಂಗಡಿ ಹಕ್ಕಿಗಂತೂ ಅಲ್ಲವೇ ಅಲ್ಲ.

ನಾವಿರುವುದು ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ, ಮ್ಯಾಡಿಸನ್ ಹತ್ತಿರ. ನವೆಂಬರಿನಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಬಂತು ಅಂದರೆ ಇಲ್ಲಿ ಟರ್ಕಿ ಕೋಳಿ ಸಿಕ್ಕಾಪಟ್ಟೆ ಅಗ್ಗ. ಆಸೆಗೆ ಬಿದ್ದು 14 ಪೌಂಡಿನದು, ಅಂದರೆ ಆರು ಕಿಲೋಗೂ ಜಾಸ್ತಿ, ಕಲ್ಲಿನಂತೆ ಹೆಪ್ಪುಗಟ್ಟಿದ ಹಕ್ಕಿಯನ್ನು ಹೊತ್ತು ತಂದೆ. ಫ್ರಿಜ್‌ನಲ್ಲಿ ಅದರ ಐಸ್ ಬಿಡುವುದಕ್ಕೇ ಮೂರು ದಿನ ಹಿಡಿಯಿತು. ಅಷ್ಟು ದಿನ ಹಾಲು ಇಡೋಕೂ ಜಾಗ ಇರಲಿಲ್ಲ.

ಅರ್ಧ ಓವನ್‌ಗೆ ಹೋಯಿತು, ಅರ್ಧ ಸಾರಿಗೆ. ಸಾರಿನಲ್ಲಿ ಮಸಾಲೆಯೇ ಒಂದು ಕಡೆ, ಮಾಂಸವೇ ಒಂದು ಕಡೆ. ಬಾಯಿಗಿಟ್ಟರೆ ಒದ್ದೆ ಹತ್ತಿ. ಆಮೇಲೆ ಕಸದ ಬುಟ್ಟಿಯಿಂದ ಕವರ್ ತೆಗೆದು ಸಣ್ಣ ಅಕ್ಷರ ಓದಿದೆ. ರಸ ಇರಲಿ ಅಂತ ಮಾಂಸದೊಳಗೆ ಶೇ. 8ರವರೆಗೆ ಉಪ್ಪುನೀರು ಚುಚ್ಚಿ ತುಂಬಿದ್ದಾರಂತೆ. ದುಡ್ಡು ಕೊಟ್ಟು ನೀರು ತಂದಿದ್ದೆ.

ಕಾಡಿನದು ಬಂದಿದ್ದು ಮೇ ತಿಂಗಳಲ್ಲಿ. ಅದನ್ನು ಕೊಂಡುಕೊಳ್ಳೋಕೆ ಆಗಲ್ಲ, ಬೇಟೆಯ ಮಾಂಸ ಮಾರುವ ಹಾಗಿಲ್ಲ. ಯಾರಾದರೂ ಕೊಡಬೇಕು. ನಮ್ಮನೆಯವರ ಆಫೀಸಿನಲ್ಲಿ ಒಬ್ಬರು ಲೈಸೆನ್ಸ್ ಇಟ್ಟುಕೊಂಡು ಬೇಟೆಗೆ ಹೋಗುತ್ತಾರೆ. ಅರವತ್ತು ದಾಟಿದವರು. ತಾವು ಹುಡುಗರಾಗಿದ್ದಾಗ ಈ ಕಡೆ ಒಂದೂ ಟರ್ಕಿ ಇರಲಿಲ್ಲ ಅಂತಾರೆ. ಬೇಟೆಯಾಡಿ, ಕಾಡು ಕಡಿದು ಪೂರ್ತಿ ಮುಗಿಸಿದ್ದರಂತೆ. 1976ರಲ್ಲಿ ಮಿಸೌರಿಯಿಂದ ತರಿಸಿ ಬಿಟ್ಟರು. ಬದಲಿಗೆ ಇಲ್ಲಿಂದ ಗ್ರೌಸ್ ಅನ್ನುವ ಬೇರೆ ಹಕ್ಕಿ ಕೊಟ್ಟರು. ಈಗ ನೋಡಿದರೆ ನಮ್ಮ ಬಸ್ ಸ್ಟಾಪಿನಲ್ಲೇ ನಾಲ್ಕು ನಿಂತಿರುತ್ತವೆ, ಟಿಕೆಟ್ ತಗೊಂಡವರ ಹಾಗೆ.

ಅವರು ಎದೆ ಮಾಂಸ ಕೊಡುತ್ತೇನೆ ಅಂದರು. ಕಾಲು? ಕಾಲು ಯಾರು ತಿಂತಾರೆ, ಅದು ರಬ್ಬರು ಅಂದರಂತೆ. ತುಂಬಾ ಜನ ಬೇಟೆಗಾರರು ಎದೆ ಕೊಯ್ದುಕೊಂಡು ಉಳಿದದ್ದನ್ನು ಬಿಟ್ಟೇಬಿಡುತ್ತಾರೆ. ಹಾಸನದ ಕಡೆಯವಳು ನಾನು. ಕೋಳಿ ಕಾಲು ಬಿಸಾಡುವುದನ್ನು ಕೇಳಿ ಸುಮ್ನಿರೋಕೆ ಆಗುತ್ತಾ? ಅದನ್ನೂ ತರಿಸಿಕೊಂಡೆ.

ಎದೆಯ ಕತೆ ಬೇಗ ಮುಗಿಸುತ್ತೇನೆ. ಪುಕ್ಕ ಕೀಳುವ ತಾಪತ್ರಯ ಬೇಡ ಅಂತ ಅವರು ಚರ್ಮವನ್ನೇ ಸುಲಿದಿದ್ದರು. ಚರ್ಮವೂ ಇಲ್ಲ, ಕೊಬ್ಬೂ ಇಲ್ಲ, ಹಾಗಾಗಿ ಓವನ್‌ನಲ್ಲಿ ಒಣಗಿ ಹಲಗೆಯಾಯಿತು. ಒಳಗೆ 74 ಡಿಗ್ರಿ ಸೆಲ್ಸಿಯಸ್ ಬಂದರೆ ಸಾಕು. ನಾನು ಹೆದರಿ ಇನ್ನೂ ಹತ್ತು ನಿಮಿಷ ಬಿಟ್ಟಿದ್ದೇ ತಪ್ಪು. ಉಳಿದರ್ಧವನ್ನು ರಾತ್ರಿಯಿಡೀ ಉಪ್ಪುನೀರಲ್ಲಿ ನೆನೆಸಿ, ತೆಳ್ಳಗೆ ಹೆಚ್ಚಿ, ಕಾಳುಮೆಣಸು ಹಾಕಿ ಜೋರು ಉರಿಯಲ್ಲಿ ಹುರಿದೆ. ಚೆನ್ನಾಗಿತ್ತು. ಒಳ್ಳೆ ಚಿಕನ್ ಪೆಪ್ಪರ್ ಫ್ರೈ ಎಷ್ಟು ಚೆನ್ನಾಗಿರುತ್ತೋ ಅಷ್ಟೇ. ಒಂದು ತುಂಡಿನಲ್ಲಿ ಕೋವಿಯ ಚರೆ ಹಲ್ಲಿಗೆ ಸಿಕ್ಕಿತು. ನೋಡಿಕೊಂಡು ಹೆಚ್ಚಿ.

ಕಾಲಿನ ಮಾಂಸ ನೋಡಿದರೆ ಕುರಿ ಮಾಂಸದಷ್ಟು ಕೆಂಪು. ಹಗಲೆಲ್ಲ ಓಡಾಡಿ ಓಕ್ ಕಾಯಿ, ಬೀಜ, ಮಿಡತೆ ತಿಂದು, ರಾತ್ರಿ ಮರ ಹತ್ತಿ ಮಲಗುವ ಹಕ್ಕಿ ಅದು. ಅಂಗಡಿಯದಕ್ಕೆ ಎದೆಯ ಭಾರಕ್ಕೆ ಹಾರೋಕೇ ಆಗಲ್ಲ. ಕಾಡು ವಾಸನೆ ಬರುತ್ತೇನೋ ಅಂತ ಹೆದರಿದ್ದೆ, ಬರಲಿಲ್ಲ. ಫಾರಂ ಕೋಳಿಗೂ ನಾಟಿ ಕೋಳಿಗೂ ಇರುವ ವ್ಯತ್ಯಾಸ ಗೊತ್ತಲ್ವಾ, ಇದೂ ಹಾಗೇ, ಇನ್ನೂ ಒಂದು ಕೈ ಮೇಲೆ.

ಆದರೆ ನರ. ಅಯ್ಯೋ ಆ ನರ.

ಮೊದಲ ಸಲ ಊರಿನ ಹಾಗೆ ಮೂಳೆ ಸಮೇತ ಕಾಲನ್ನು ತುಂಡು ತುಂಡು ಮಾಡಿ ಕುಕ್ಕರಿಗೆ ಹಾಕಿದೆ. ನಾಟಿ ಕೋಳಿ ಆರು ವಿಶಲ್‌ಗೆ ಬೇಯುತ್ತೆ, ಇದಕ್ಕೆ ಎಂಟು ಕೊಟ್ಟೆ. ಆಗ ಅತ್ತೆ ಊರಿಂದ ಬಂದಿದ್ದರು. ಎರಡನೇ ತುತ್ತಿಗೇ ಬಾಯಿಂದ ಕಡ್ಡಿಯಂಥದ್ದೊಂದನ್ನು ಎಳೆದು ತಟ್ಟೆಯ ಅಂಚಿಗಿಟ್ಟರು. ಆಮೇಲೆ ಇನ್ನೊಂದು. ಐದೋ ಆರೋ ಸಾಲಾಗಿ ಜೋಡಿಸಿ, "ಏನಮ್ಮಾ ಇದು, ಕೋಳಿ ಹಾಕಿದೀಯೋ ಪೊರಕೆ ಹಾಕಿದೀಯೋ?" ಅಂದರು.

ಟರ್ಕಿಯ ಮಂಡಿ ಕೆಳಗಿನ ನರಗಳು ವಯಸ್ಸಾದ ಹಾಗೆ ಮೂಳೆಯಂತೆ ಗಟ್ಟಿಯಾಗುತ್ತವೆ. ತೆಂಗಿನ ಗರಿಯ ಕಡ್ಡಿ ನೆನಪಿಸಿಕೊಳ್ಳಿ. ಎಷ್ಟು ವಿಶಲ್ ಕೊಟ್ಟರೂ ಕರಗಲ್ಲ. ನಾನು ಮಚ್ಚಿನಲ್ಲಿ ಕಡಿದು ಒಂದೊಂದು ಕಡ್ಡಿಯನ್ನು ಮೂರು ಮಾಡಿಟ್ಟಿದ್ದೆ. ಮಗಳಿಗೆ ಆ ದಿನ ಮೊಸರನ್ನವೇ ಗತಿ.

ಹಸಿಯಾಗಿದ್ದಾಗಲೇ ಇಕ್ಕಳದಲ್ಲಿ ಎಳೆದು ತೆಗೆಯಬಹುದು ಅಂತ ಆಮೇಲೆ ಗೊತ್ತಾಯಿತು. ಪಾದ ಇದ್ದರೆ ಅದು ಸುಲಭವಂತೆ, ಪಾದದ ಹತ್ತಿರ ಚರ್ಮ ಸೀಳಿ ಹಿಡಿತ ಸಿಗುತ್ತೆ. ನಮಗೆ ಬಂದ ಕಾಲಿಗೆ ಪಾದವೇ ಇರಲಿಲ್ಲ. ಎಳೆದೆ, ಜಾರಿತು. ಮತ್ತೆ ಎಳೆದೆ, ಇಕ್ಕಳ ಹೋಗಿ ಗೋಡೆಗೆ ಬಡಿಯಿತು. ಬಿಟ್ಟುಬಿಟ್ಟೆ.

ಎರಡನೇ ಕಾಲನ್ನು ಕಡಿಯಲೇ ಇಲ್ಲ. ಇಡಿಯಾಗಿ ದಪ್ಪ ತಳದ ಪಾತ್ರೆಗೆ ಹಾಕಿ, ಅರಿಶಿನ, ಉಪ್ಪು, ಜಜ್ಜಿದ ಶುಂಠಿ ಬೆಳ್ಳುಳ್ಳಿ, ಮುಳುಗುವಷ್ಟು ನೀರು, ಸಣ್ಣ ಉರಿಯಲ್ಲಿ ಮೂರು ಗಂಟೆ. ಮಾಂಸ ಮೂಳೆ ಬಿಟ್ಟಿತು. ಆರಿದ ಮೇಲೆ ತಟ್ಟೆ ಮುಂದಿಟ್ಟುಕೊಂಡು ಅತ್ತೆ, ನಾನು ಕಡ್ಡಿಗಳನ್ನು ಒಂದೊಂದಾಗಿ ಹಿರಿದೆವು. ಅವರೆಕಾಯಿ ಬಿಡಿಸುವ ಹಾಗೆ, ಮಾತಾಡಿಕೊಂಡು. ಆಮೇಲೆ ಹುರಿದ ಈರುಳ್ಳಿ, ಧನಿಯ, ಚಕ್ಕೆ ಲವಂಗ, ಕಾಯಿ, ಗಸಗಸೆ ರುಬ್ಬಿ ಅದೇ ಬೆಂದ ನೀರಿಗೆ ಹಾಕಿ ಕುದಿಸಿ, ಮಾಂಸ ವಾಪಸ್. ನಾಟಿ ಕೋಳಿ ಸಾರಿನ ಮೇಲೆ ತೇಲುವ ಜಿಡ್ಡು ಇದರಲ್ಲಿ ಬರಲ್ಲ. ಒಗ್ಗರಣೆಗೆ ಎರಡು ಚಮಚ ಎಣ್ಣೆ ಜಾಸ್ತಿ ಹಾಕಿ. ಮುದ್ದೆ ಜೊತೆ ಉಂಡೆವು. ಅತ್ತೆ ಎರಡನೇ ಮುದ್ದೆ ಕೇಳಿದರು, ಪೊರಕೆ ಮಾತೇ ಎತ್ತಲಿಲ್ಲ.

ಸ್ಯಾಂಡ್‌ವಿಚ್ ತಿನ್ನುವ ಮನೆಗೆ, ಇಪ್ಪತ್ತು ಜನ ಬರುವ ಹಬ್ಬಕ್ಕೆ ಅಂಗಡಿಯದೇ ವಾಸಿ. ಅಷ್ಟು ಅಗ್ಗಕ್ಕೆ ಅಷ್ಟು ಮಾಂಸ ಬೇರೆಲ್ಲೂ ಸಿಗಲ್ಲ. ನಮ್ಮದು ಸಾರು ಮುದ್ದೆ ಮನೆ. ಪುಕ್ಕಟೆ ಸಿಗೋ ಕಾಲಿಗೆ ಭಾನುವಾರದ ಅರ್ಧ ದಿನ ಕೊಡೋಕೆ ನನಗೇನೂ ಬೇಜಾರಿಲ್ಲ.

ಆ ಹಿರಿಯರಿಗೂ ಒಂದು ಡಬ್ಬಿ ಸಾರು ಕಳಿಸಿದ್ದೆ. ಮುಂದಿನ ವಾರ ಡಬ್ಬಿ ಜೊತೆ ನಾಲ್ಕು ಕಾಲು ಬಂದವು, ಅವರ ಸ್ನೇಹಿತರು ಬಿಸಾಡಲಿದ್ದವು. ನಾಲ್ಕಕ್ಕೂ ಪಾದ ಹಾಗೇ ಇತ್ತು. ಇಕ್ಕಳ ತೊಳೆದಿಟ್ಟಿದ್ದೇನೆ.