ಐರ್ಲೆಂಡಿನಲ್ಲಿ ಪೂರ್ವಜರ ಜಾಡು: ಕೋವ್, ನ್ಯೂ ರಾಸ್, ಸ್ಟ್ರೋಕ್ಸ್‌ಟೌನ್, ಡಬ್ಲಿನ್ – ಎಲ್ಲಿಗೆ ಹೋದರೆ ಏನು ಸಿಗುತ್ತದೆ?

ಮುತ್ತಜ್ಜನ ಊರು ನೋಡಬೇಕೆಂದು ಐರ್ಲೆಂಡಿಗೆ ಹೊರಡುವವರು ಮೊದಲು ಟಿಕೆಟ್ ಮಾಡಿಸಿ, ಆಮೇಲೆ ಹೆಸರು ಹುಡುಕಲು ಕೂರುತ್ತಾರೆ. ಇದು ಉಲ್ಟಾ ಆಗಬೇಕು. ಕೈಯಲ್ಲಿ ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ಹೆಸರಷ್ಟೇ ಇದ್ದರೆ ಹೋಗಬೇಕಾದ ಜಾಗವೇ ಬೇರೆ, ಟೌನ್‌ಲ್ಯಾಂಡ್ ಹೆಸರು ಸಿಕ್ಕಿದ್ದರೆ ಬೇರೆ. ಟೌನ್‌ಲ್ಯಾಂಡ್ ಅಂದರೆ ಅಲ್ಲಿನ ಭೂವಿಭಾಗದ ಅತಿ ಚಿಕ್ಕ ಘಟಕ. ಇಡೀ ದ್ವೀಪದಲ್ಲಿ 60,000ಕ್ಕೂ ಹೆಚ್ಚಿವೆ, ಕೆಲವದರಲ್ಲಿ ನಾಲ್ಕೈದು ಮನೆಗಳಷ್ಟೇ. ಒಂದೇ ಹೆಸರಿನವು ಹಲವಾರು ಇರುವುದರಿಂದ ಕೌಂಟಿ, ಸಿವಿಲ್ ಪ್ಯಾರಿಷ್ ಎರಡನ್ನೂ ಜೊತೆಗೆ ಬರೆದಿಟ್ಟುಕೊಳ್ಳಿ. ಸಿವಿಲ್ ಪ್ಯಾರಿಷ್ ಅಂದರೆ ಸರ್ಕಾರಿ ದಾಖಲೆಗಳ ವಿಭಾಗ, ಕ್ಯಾಥೊಲಿಕ್ ಪ್ಯಾರಿಷ್ ಅಂದರೆ ಒಂದು ಚರ್ಚಿನ ವ್ಯಾಪ್ತಿ; ಇವೆರಡರ ಗಡಿಯೂ ಹೆಸರೂ ಎಷ್ಟೋ ಕಡೆ ಹೊಂದುವುದಿಲ್ಲ. ಹೆಚ್ಚಿನವರು ದಾರಿ ತಪ್ಪುವುದು ಇಲ್ಲೇ.

ಹೆಚ್ಚು ಜನ ಹೋಗುವುದು ಕೋವ್ ಬಂದರಿಗೆ. ಕಾರ್ಕ್‌ನ ಕೆಂಟ್ ನಿಲ್ದಾಣದಿಂದ ರೈಲಿನಲ್ಲಿ 25 ನಿಮಿಷ. ಹೆರಿಟೇಜ್ ಸೆಂಟರ್ ಇರುವುದೂ ಹಳೆಯ ರೈಲ್ವೆ ಕಟ್ಟಡದಲ್ಲೇ. 1848ರಿಂದ 1950ರವರೆಗೆ ದೇಶ ಬಿಟ್ಟ ಸುಮಾರು 60 ಲಕ್ಷ ಜನರಲ್ಲಿ 25 ಲಕ್ಷ ಮಂದಿ ಹೊರಟದ್ದು ಇಲ್ಲಿಂದ. 1892ರ ಜನವರಿ 1ರಂದು ನ್ಯೂಯಾರ್ಕ್‌ನ ವಲಸಿಗರ ತಪಾಸಣಾ ಕೇಂದ್ರವಾದ ಎಲ್ಲಿಸ್ ಐಲೆಂಡ್‌ನಲ್ಲಿ ಮೊದಲು ನೋಂದಣಿಯಾದ ಆ್ಯನಿ ಮೂರ್ ಕೂಡ ಇಲ್ಲಿಂದಲೇ ಹಡಗು ಹತ್ತಿದ್ದಳು. ಹಾಗೆಂದು ನಿಮ್ಮವರ ಹೆಸರಿನ ಪಟ್ಟಿ ಇಲ್ಲಿರುತ್ತದೆ ಎಂದು ನಂಬಿ ಹೋಗಬೇಡಿ. ಹೊರಟವರ ಪಟ್ಟಿಗಳು ಉಳಿದಿರುವುದು 1890ರಿಂದ ಈಚೆಗೆ ಮಾತ್ರ. ಅದಕ್ಕೂ ಹಿಂದಿನ ಹೆಸರುಗಳನ್ನು ಇಳಿದ ಬಂದರಿನ ದಾಖಲೆಗಳಲ್ಲೇ ಹುಡುಕಬೇಕು. ಮೇಲಾಗಿ, 1840ರ ದಶಕದ ಆಲೂಗಡ್ಡೆ ಕ್ಷಾಮದ ವರ್ಷಗಳಲ್ಲಿ ಬಹುಪಾಲು ಜನ ಲಿವರ್‌ಪೂಲ್‌ಗೆ ದಾಟಿ, ಅಲ್ಲಿಂದ ದೊಡ್ಡ ಹಡಗು ಹತ್ತಿದವರು.

ಹಡಗಿನ ಒಳಗು ಹೇಗಿತ್ತು ಎಂಬುದು ತಿಳಿಯಬೇಕಾದರೆ ಕೋವ್‌ಗಿಂತ ನ್ಯೂ ರಾಸ್ ಮೇಲು. 1845ರ ಡನ್‌ಬ್ರೋಡಿ ಹಡಗಿನ ಪೂರ್ಣಗಾತ್ರದ ಪ್ರತಿಕೃತಿ ಅಲ್ಲಿ ದಕ್ಕೆಗೆ ಕಟ್ಟಿ ನಿಂತಿದೆ. ಕೆಳಗಿನ ಅಂತಸ್ತಿಗೆ ಇಳಿದು ಮರದ ಅಟ್ಟಣಿಗೆಗಳ ಮುಂದೆ ನಿಂತರೆ, ಒಂದು ಸಂಸಾರಕ್ಕೆ ಸಿಗುತ್ತಿದ್ದ ಜಾಗ ಎಷ್ಟೆಂದು ಕಣ್ಣಿಗೇ ಕಾಣುತ್ತದೆ. ವಾಟರ್‌ಫರ್ಡ್ ತನಕ ರೈಲು, ಅಲ್ಲಿಂದ ಬಸ್. ಅಮೆರಿಕದ ಅಧ್ಯಕ್ಷರಾಗಿದ್ದ ಕೆನಡಿಯವರ ಪೂರ್ವಜರ ಮನೆಯಿರುವ ಡಂಗನ್ಸ್‌ಟೌನ್ ಹತ್ತಿರವೇ ಇದೆ, ಆದರೆ ಅದಕ್ಕೆ ಕಾರು ಬೇಕು.

ಎಲ್ಲಕ್ಕಿಂತ ಬೆಲೆಯುಳ್ಳದ್ದು ರಾಸ್‌ಕಾಮನ್ ಕೌಂಟಿಯ ಸ್ಟ್ರೋಕ್ಸ್‌ಟೌನ್ ಪಾರ್ಕ್. ಜನ ಬಿಟ್ಟುಬಿಡುವುದೂ ಇದನ್ನೇ. ರಾಷ್ಟ್ರೀಯ ಕ್ಷಾಮ ಸಂಗ್ರಹಾಲಯ ಜಮೀನ್ದಾರನ ಬಂಗಲೆಯ ಆವರಣದಲ್ಲೇ ಇದೆ, ನಿಂತಿರುವುದು ಆ ಜಮೀನ್ದಾರಿಯ ಕಚೇರಿ ಕಾಗದಗಳ ಮೇಲೆ. ಗೇಣಿದಾರರು ಕೊಟ್ಟ ಅರ್ಜಿಗಳನ್ನು ನಿಧಾನವಾಗಿ ಓದಿ: ಬಾಕಿ ಗೇಣಿಗೆ ಅವಧಿ ಕೊಡಿ, ಕೆಲಸ ಕೊಡಿ, ಒಕ್ಕಲೆಬ್ಬಿಸಬೇಡಿ. 1847ರಲ್ಲಿ ಈ ಜಮೀನಿನಿಂದ 1,490 ಜನರನ್ನು ಸಾಗಹಾಕಲಾಯಿತು. ಅವರು ರಾಯಲ್ ಕಾಲುವೆಯ ದಂಡೆ ಹಿಡಿದು ಡಬ್ಲಿನ್‌ಗೆ ನಡೆದರು, ಅಲ್ಲಿಂದ ಲಿವರ್‌ಪೂಲ್, ಮುಂದೆ ಕ್ವಿಬೆಕ್. ಅದೇ ವರ್ಷ ನವೆಂಬರಿನಲ್ಲಿ ಜಮೀನ್ದಾರ ಡೆನಿಸ್ ಮಹೋನ್ ಗುಂಡಿಗೆ ಬಲಿಯಾದ. ಆ ಗೇಣಿದಾರರು ನಡೆದ ದಾರಿ ಈಗ 165 ಕಿ.ಮೀ. ಉದ್ದದ ನ್ಯಾಷನಲ್ ಫ್ಯಾಮಿನ್ ವೇ. ರೈಲು ಲಾಂಗ್‌ಫರ್ಡ್‌ವರೆಗೆ ಮಾತ್ರ. ಮುಂದಿನ ಸುಮಾರು 20 ಕಿ.ಮೀ.ಗೆ ವಾಪಸಿನ ಟ್ಯಾಕ್ಸಿಯನ್ನೂ ಮೊದಲೇ ಹೇಳಿಟ್ಟಿರಿ.

ಡಬ್ಲಿನ್‌ನಲ್ಲಿ ಪೈಪೋಟಿ ಇರುವುದು ಎಪಿಕ್ ವಲಸೆ ಸಂಗ್ರಹಾಲಯಕ್ಕೂ ಕಿಲ್ಡೇರ್ ಸ್ಟ್ರೀಟಿನ ನ್ಯಾಷನಲ್ ಲೈಬ್ರರಿಗೂ. ಎಪಿಕ್ ಚೆನ್ನಾಗಿದೆ, ಮಕ್ಕಳಿದ್ದರೆ ಇನ್ನೂ ಚೆನ್ನ, ಎರಡು ಗಂಟೆ ಸಾಕು. ಆದರೆ ಮನೆತನ ಹುಡುಕುವವರು ಒಂದನ್ನೇ ಆರಿಸಬೇಕಾದರೆ ಲೈಬ್ರರಿಗೆ ಹೋಗಿ. ವಂಶಾವಳಿ ಸಲಹೆ ಅಲ್ಲಿ ಉಚಿತ, ಎದುರು ಕೂತು ಮಾತಾಡುವ ಅನುಭವಿಗಳು ಸಿಗುತ್ತಾರೆ. ಕ್ಯಾಥೊಲಿಕ್ ಪ್ಯಾರಿಷ್ ರಿಜಿಸ್ಟರ್‌ಗಳ ಚಿತ್ರಗಳನ್ನು ಲೈಬ್ರರಿ 2015ರಿಂದ ಅಂತರ್ಜಾಲದಲ್ಲೇ ಬಿಟ್ಟಿದೆ. ಅದನ್ನು ಮನೆಯಲ್ಲೇ ನೋಡಿ ಮುಗಿಸಿ, ಸಿಕ್ಕಿಬಿದ್ದ ಪ್ರಶ್ನೆಯನ್ನು ಮಾತ್ರ ಅಲ್ಲಿಗೆ ಒಯ್ಯಿರಿ. ರಿಜಿಸ್ಟರಿನಲ್ಲಿ ಹೆಸರುಗಳು ಎಷ್ಟೋ ಸಲ ಲ್ಯಾಟಿನ್‌ನಲ್ಲಿರುತ್ತವೆ: ಜೇಮ್ಸ್ ಯಾಕೋಬುಸ್ ಆಗಿರುತ್ತಾನೆ, ವಿಲಿಯಂ ಗುಲಿಯೆಲ್ಮುಸ್. ಮಗುವಿನ ದೇವಮಾತಾಪಿತರ (ಗಾಡ್‌ಪೇರೆಂಟ್ಸ್) ಹೆಸರನ್ನೂ ಬರೆದುಕೊಳ್ಳಿ. ಅವರು ಸಾಮಾನ್ಯವಾಗಿ ನಂಟರು ಅಥವಾ ಪಕ್ಕದ ಮನೆಯವರು. ಒಂದೇ ಹೆಸರಿನ ಮೂವರಲ್ಲಿ ನಿಮ್ಮವನು ಯಾರೆಂದು ಬಿಡಿಸುವುದು ಅವರಿಂದಲೇ. 1922ರ ಜೂನ್ 30ರಂದು ಡಬ್ಲಿನ್‌ನ ನ್ಯಾಯಾಲಯ ಸಂಕೀರ್ಣ ಫೋರ್ ಕೋರ್ಟ್ಸ್‌ನಲ್ಲಿದ್ದ ದಾಖಲೆ ಭವನ ಸುಟ್ಟು, 1821ರಿಂದ 1851ರವರೆಗಿನ ಜನಗಣತಿ ಬಹುಪಾಲು ಬೂದಿಯಾಯಿತು. ಕ್ಯಾಥೊಲಿಕ್ ಪುಸ್ತಕಗಳು ಚರ್ಚುಗಳಲ್ಲೇ ಇದ್ದುದರಿಂದ ಉಳಿದುಕೊಂಡವು. ಇಡೀ ದ್ವೀಪದ ಪೂರ್ತಿ ಜನಗಣತಿ ಸಿಗುವುದು 1901 ಮತ್ತು 1911ರದ್ದು, ಉಚಿತವಾಗಿ. ಎಲ್ಲರ ಜನನ-ಮರಣ ನೋಂದಣಿ ಶುರುವಾದದ್ದು 1864ರಲ್ಲಿ.

ನಡುವಿನ ಈ ಖಾಲಿ ಜಾಗ ತುಂಬುವುದು 1847–1864ರ ಗ್ರಿಫಿತ್ಸ್ ವ್ಯಾಲ್ಯುವೇಶನ್. ಇದು ಬಹುಮಟ್ಟಿಗೆ ನಮ್ಮ ಪಹಣಿ ಇದ್ದಂತೆ: ಯಾರು ಅನುಭವದಲ್ಲಿದ್ದಾರೆ, ಗೇಣಿ ಯಾರಿಗೆ, ಎಷ್ಟು ಎಕರೆ, ತೆರಿಗೆಯ ಮೌಲ್ಯ ಎಷ್ಟು. ಮೊದಲ ಕಾಲಂನ ಸಂಖ್ಯೆ ಜಮೀನಿನದು, ಪಕ್ಕದ ಸಣ್ಣಕ್ಷರ ಮನೆಯದು. ಅಂತರ್ಜಾಲದಲ್ಲಿ ಇದರ ಜೊತೆ ತೋರಿಸುವ ನಕ್ಷೆ ಎಷ್ಟೋ ಊರುಗಳಲ್ಲಿ ನಂತರದ ಪರಿಷ್ಕರಣೆಯದು, ಆದ್ದರಿಂದ ಸಂಖ್ಯೆ ತಾಳೆಯಾಗುವುದಿಲ್ಲ. 1830–40ರ ದಶಕದ ಆರ್ಡ್ನೆನ್ಸ್ ಸರ್ವೇಯ (ಸರ್ಕಾರಿ ಭೂಮಾಪನ) ಮೈಲಿಗೆ 6 ಇಂಚಿನ ಅಳತೆಯ ನಕ್ಷೆಯೊಂದಿಗೆ ಬೇಲಿಯ ಆಕಾರ ಹೋಲಿಸಿ ನೋಡದೆ ಯಾವ ಗೋಡೆಯನ್ನೂ ‘ನಮ್ಮ ಮನೆ’ ಅನ್ನಬೇಡಿ.

ಪೂರ್ವಜರು ಉತ್ತರದ ಅಲ್ಸ್ಟರ್ ಕೌಂಟಿಗಳ ಪ್ರೆಸ್ಬಿಟೇರಿಯನ್ನರಾಗಿದ್ದರೆ (ಪ್ರೊಟೆಸ್ಟೆಂಟರ ಒಂದು ಪಂಗಡ) ಡಬ್ಲಿನ್‌ಗಿಂತ ಬೆಲ್‌ಫಾಸ್ಟ್‌ನ ಪ್ರೋನಿ, ಅಂದರೆ ಉತ್ತರ ಐರ್ಲೆಂಡಿನ ಸಾರ್ವಜನಿಕ ದಾಖಲೆ ಕಚೇರಿ, ಮುಖ್ಯ. ಪ್ರವೇಶ ಉಚಿತ, ಫೋಟೊ ಇರುವ ಗುರುತಿನ ಚೀಟಿ ಬೇಕು. ಅದರೊಂದಿಗೆ ಓಮಾದ ಅಲ್ಸ್ಟರ್ ಅಮೆರಿಕನ್ ಫೋಕ್ ಪಾರ್ಕ್ ಸೇರಿಸಿಕೊಳ್ಳಬಹುದು. ಅಲ್ಲಿಗೆ ರೈಲಿಲ್ಲ, ಬಸ್ಸೇ ಗತಿ. ಭಾರತದ ಪಾಸ್‌ಪೋರ್ಟ್ ಇರುವವರು ನೆನಪಿಡಿ: ಬೆಲ್‌ಫಾಸ್ಟ್ ಯುನೈಟೆಡ್ ಕಿಂಗ್ಡಮ್‌ಗೆ ಸೇರಿದ್ದು. ಗಡಿಯಲ್ಲಿ ತಡೆಯುವವರು ಕಾಣಿಸದಿದ್ದರೂ ಬರೀ ಐರಿಷ್ ವೀಸಾ ಸಾಲದು. ವೀಸಾದ ಮೇಲೆ ಎರಡೂ ಕಡೆ ನಡೆಯುವ ಬ್ರಿಟಿಷ್-ಐರಿಷ್ ವೀಸಾ ಯೋಜನೆಯ ‘ಬಿಐವಿಎಸ್’ ಎಂಬ ಗುರುತು ಇದೆಯೇ ನೋಡಿಕೊಳ್ಳಿ.

ಬೆಂಗಳೂರು, ಕೆಜಿಎಫ್‌ನ ಆಂಗ್ಲೋ ಇಂಡಿಯನ್ ಮನೆತನಗಳಲ್ಲಿ ಐರಿಷ್ ಮೂಲದವರಿಗೆ ಮೇಲಿನ ಲೆಕ್ಕ ಬದಲಾಗುತ್ತದೆ. ಮೂಲಪುರುಷ ಸೈನಿಕನಾಗಿ ಬಂದವನಾದರೆ ಕೋವ್, ಡನ್‌ಬ್ರೋಡಿ ಎರಡೂ ಅವನ ಕತೆಯಲ್ಲ. ಮೊದಲ ನಿಲ್ದಾಣ ಲಂಡನ್. ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ಸಂಗ್ರಹದ ಎನ್/2 ಸರಣಿಯಲ್ಲಿ ಮದ್ರಾಸ್ ಪ್ರೆಸಿಡೆನ್ಸಿಯ ಚರ್ಚ್ ದಾಖಲೆಗಳ ಪ್ರತಿಗಳಿವೆ. ಬ್ರಿಟಿಷ್ ಸೇನೆಯಿಂದ ಪಿಂಚಣಿಯೊಂದಿಗೆ ಬಿಡುಗಡೆಯಾದವನಾದರೆ ಲಂಡನ್ನಿನ ಕ್ಯೂ ಬಡಾವಣೆಯ ನ್ಯಾಷನಲ್ ಆರ್ಕೈವ್ಸ್‌ನಲ್ಲಿರುವ ‘ಡಬ್ಲ್ಯುಒ 97’ (ವಾರ್ ಆಫೀಸ್) ಸರಣಿಯ ಕಾಗದಗಳಲ್ಲಿ ಹುಟ್ಟಿದ ಪ್ಯಾರಿಷ್, ಹತ್ತಿರದ ಪೇಟೆ, ಕೌಂಟಿ ಮೂರೂ ಬರೆದಿರುತ್ತವೆ. ಈ ಒಂದು ಸಾಲು ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. 102ನೇ ರಾಯಲ್ ಮದ್ರಾಸ್ ಫ್ಯುಸಿಲಿಯರ್ಸ್ 1881ರಲ್ಲಿ ರಾಯಲ್ ಡಬ್ಲಿನ್ ಫ್ಯುಸಿಲಿಯರ್ಸ್‌ನ ಮೊದಲ ಬೆಟಾಲಿಯನ್ ಆಯಿತು. ಆ ಹೆಸರು ಕೇಳಿ, ಡಬ್ಲಿನ್‌ನ ಸೇಂಟ್ ಸ್ಟೀಫನ್ಸ್ ಗ್ರೀನ್ ಉದ್ಯಾನದಲ್ಲಿರುವ ಆ ದಳದ ಸ್ಮಾರಕ ಕಮಾನಿನ ಮೇಲೆ ತಮ್ಮವರನ್ನು ಹುಡುಕುವವರಿದ್ದಾರೆ. ಅಲ್ಲಿ ಕೆತ್ತಿರುವುದು ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧದಲ್ಲಿ ಸತ್ತವರ ಹೆಸರು ಮಾತ್ರ.

ಟೌನ್‌ಲ್ಯಾಂಡ್ ಸಿಕ್ಕವರು ಅಲ್ಲಿಗೇ ಒಂದು ಇಡೀ ದಿನ ಕೊಡಿ. ಕಾರು, ಮುದ್ರಿಸಿದ ನಕ್ಷೆ, ಮೊಣಕಾಲುದ್ದದ ರಬ್ಬರ್ ಬೂಟು ಬೇಕು. ಹೊಲಗಳು ಖಾಸಗಿ, ಓಡಾಡುವ ಹಕ್ಕು ಯಾರಿಗೂ ಇಲ್ಲ. ಮೊದಲು ಮನೆ ಬಾಗಿಲಲ್ಲಿ ಕೇಳಿ. ಗೇಟು ತೆರೆದಿದ್ದರೆ ತೆರೆದೇ, ಮುಚ್ಚಿದ್ದರೆ ಮುಚ್ಚಿಯೇ ಬನ್ನಿ. ಪ್ಯಾರಿಷ್ ಕಚೇರಿ ವಾರದಲ್ಲಿ ಕೆಲವೇ ಗಂಟೆ ತೆರೆದಿರುತ್ತದೆ, ಮುಂಚೆಯೇ ಇಮೇಲ್ ಮಾಡಿ. ಸ್ಮಶಾನದಲ್ಲಿ ಬಡ ಗೇಣಿದಾರರಿಗೆ ಕೆತ್ತಿದ ಕಲ್ಲು ಸಿಗುವುದು ಅಪರೂಪ, ಹೊಲದ ಕಲ್ಲೊಂದನ್ನು ನೆಟ್ಟಿರುತ್ತಾರೆ. ಅಕ್ಷರ ಇದ್ದರೂ ಮಸುಕಾಗಿದ್ದರೆ ತಂತಿ ಬ್ರಷ್ಷಿನಿಂದ ಪಾಚಿ ಉಜ್ಜುವುದು, ಸೀಮೆಸುಣ್ಣ ತುಂಬುವುದು ಬೇಡ. ಕಲ್ಲಿನ ಮೇಲ್ಪದರವೇ ಕಿತ್ತುಬರುತ್ತದೆ. ಟಾರ್ಚನ್ನು ಕಲ್ಲಿನ ಅಂಚಿಗೆ ಒತ್ತಿ ಪಕ್ಕದಿಂದ ಬೆಳಕು ಬಿಟ್ಟರೆ ಸವೆದ ಅಕ್ಷರವೂ ನೆರಳಿನಲ್ಲಿ ಎದ್ದು ಕಾಣುತ್ತದೆ. ಇಳಿಬಿಸಿಲಿನ ಹೊತ್ತಿಗೆ ಹೋದರೆ ಟಾರ್ಚೂ ಬೇಕಾಗುವುದಿಲ್ಲ.